ನಿರ್ದೇಶಕರ ಕೈ

ಇರಾಕ್ ಕುವೈತನ್ನು ಆಕ್ರಮಿಸಿದ್ದ ದಿನಗಳಲ್ಲಿ, ಅಲ್ಲಿನ ಅಬು ಹಲೀಫಾದ ಬಳಿ ಇರಾಕಿ ಸೈನಿಕನೊಬ್ಬ ನಮ್ಮ ವ್ಯಾನ್ ತಡೆದ. ಹಿಂದೆ ಕುಳಿತಿದ್ದ ಮುದುಕರು ಜಪಾನಿನ ಸಿನಿಮಾ ನಿರ್ದೇಶಕರು. ಜಪಾನಿನವರೆಂದು ಗೊತ್ತಾದರೆ ಒತ್ತೆಯಾಳಾಗಿ ಹಿಡಿದೊಯ್ಯುತ್ತಿದ್ದರು. ಕ್ಲಾಪ್ ಹಲಗೆ ಹಿಡಿಯುವ ಕೆಲಸದಿಂದ ಶುರುಮಾಡಿದ್ದು, ಸ್ಟುಡಿಯೋ ಮುಚ್ಚಿದ ಮೇಲೆ ಸಾಕ್ಷ್ಯಚಿತ್ರಕ್ಕೆ ಇಳಿದದ್ದು, ಇವನ್ನೆಲ್ಲ ದಾರಿಯಲ್ಲಿ ಅವರೇ ಹೇಳಿದ್ದರು. ಭಯದಲ್ಲಿ ನಾನೂ ಒಂದಿಷ್ಟು ಸೇರಿಸಿಕೊಂಡಿರಬಹುದು.

"ನಮ್ಮ ಹೋಟೆಲಿನ ಕುಕ್, ಫಿಲಿಪ್ಪೀನ್ಸ್‌ನವ," ಎಂದು ಡ್ರೈವರ್ ಸದಾನಂದ ಅರಬ್ಬಿಯಲ್ಲಿ ಹೇಳಿದ.

ಸೈನಿಕ ಕಿಟಕಿಗೆ ಬಾಗಿದ. ಅವನ ಮುಖ ನೆರಳಿನಲ್ಲಿತ್ತು. ನಿರ್ದೇಶಕರ ಕೈ ತಾನಾಗಿ ಎದ್ದು, ಬೆಳಕಿಗೆ ಬಾ ಎಂದು ಸನ್ನೆ ಮಾಡಿತು. ಸೈನಿಕ ಬೆಳಕಿಗೆ ಸರಿದು ನಿಂತ!

"ಮಾರಾಯ್ರೆ, ಅವರ ಕೈ ಹಿಡ್ಕೊಳ್ಳಿ!" ಸದಾನಂದ ನನಗೆ ಪಿಸುಗುಟ್ಟಿದ.

ಸೈನಿಕ ಟೋಪಿ ಸರಿಮಾಡಿಕೊಂಡು, ಮುಂದಿನ ಸನ್ನೆಗೆ ಕಾದು, ಕೊನೆಗೆ "ಯಲ್ಲಾ" ಎಂದು ಕೈಬೀಸಿ ಬಿಟ್ಟ. ಮುಂದಿನ ತಪಾಸಣಾ ಠಾಣೆ ಕಾಣುತ್ತಲೇ ನಿರ್ದೇಶಕರು ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕುಳಿತರು.