ಒರೆಸಿದ ವಿಭೂತಿ

ನಮ್ಮ ಸಿಂದಗಿಯ ಮಿಕ್ಸರ್ ರಿಪೇರಿಯವರೊಬ್ಬರು ಯಾವ ಯಂತ್ರ ಬಂದರೂ ಮೊದಲು ಹಿಂದುಮುಂದಾಗಿ ತಿರುಗಿಸುತ್ತಿದ್ದರು. ಕನ್ನಡಕ ಹಣೆಗೇರಿಸಿ, ಹಿಂಬದಿಗೆ ಅಂಟಿಸಿದ, ವೋಲ್ಟ್ ಬರೆದ ಚೀಟಿಯನ್ನು ಕಣ್ಣಿಗೆ ಹಿಡಿದು ಓದುತ್ತಿದ್ದರು. "ಮೊದ್ಲ ಬೆನ್ನ ನೋಡ್ರಿ, ಆಮ್ಯಾಲ ಮಾರಿ ನೋಡ್ರಿ" ಎನ್ನುವುದು ಅವರ ಮಾತು.

ಅಮೆರಿಕ ನೋಡಿ ಬಂದ ಬೀಗರು ನಮ್ಮ ಕಾಕಾಗೆ ಒಂದು ಮಿಕ್ಸರ್ ಕೊಟ್ಟಿದ್ದರು. ಅದರ ಪಿನ್ನು ನಮ್ಮ ಸಾಕೆಟ್ಟಿಗೆ ಕೂಡಲಿಲ್ಲ. ಖಂಡೆನವಮಿಯ ಆಯುಧಪೂಜೆ ಮುಗಿದ ಮೇಲೆ ಕಾಕಾ ಅದನ್ನು ಅಂಗಡಿಗೆ ಒಯ್ದರು. ಜೊತೆಗೆ ನಾನೂ ಇದ್ದೆ. ಪೂಜೆಯ ವಿಭೂತಿ ಚೀಟಿಯ ಮೇಲೇ ಮೆತ್ತಿತ್ತು. ರಿಪೇರಿಯವರು ಹೆಬ್ಬೆರಳಿನಿಂದ ಒರೆಸಿದರು.

"ನೂರಾ ಇಪ್ಪತ್ತು ವೋಲ್ಟಿಂದ್ರಿ ಇದು. ನಮ್ಮಲ್ಲಿ ಇನ್ನೂರಾ ಮೂವತ್ತು ಬರತೈತಿ. ಪಿನ್ನು ಬದಲಿ ಮಾಡಿದ್ರ ಕರೆಂಟ್ ಬದಲಿ ಆಗಂಗಿಲ್ರಿ, ಸುಡತೈತಿ. ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್ ತರ್ರಿ, ಕೂಡಿಸಿ ಕೊಡ್ತೇನಿ."

"ಪೂಜಿ ವಿಭೂತಿ ಒರೆಸಿ, ಮ್ಯಾಲ ಅಪಶಕುನ ಮಾತಾಡ್ತಿಯೇನು?" ಎಂದು ಕಾಕಾ ಎದ್ದರು.

ಇನ್ನೊಂದು ಅಂಗಡಿಯಲ್ಲಿ ಪಿನ್ನು ಬದಲಾಯಿತು. ಶೇಂಗಾ ಹಿಂಡಿ ಮಾಡಲು ಹಚ್ಚಿದ ಕೂಡಲೇ ಮಿಕ್ಸರ್ ಚೀರಿ ಹೊಗೆಯಾಡಿತು. ಆರಿಸಲು ಹೋದ ಕಾಕಾನ ಹೆಂಡತಿ ಕಾಕೂನ ಅಂಗೈಯಲ್ಲಿ ಬೊಬ್ಬೆ ಎದ್ದಿತು. "ಅಂವಾ ವಿಭೂತಿ ಒರೆಸಿದ್ದಕ್ಕ ಹಿಂಗಾತು" ಎಂದು ಕಾಕಾ ಕಂಡಕಂಡವರಿಗೆಲ್ಲ ಹೇಳಿದರು. ಪೂಜೆ-ಪುನಸ್ಕಾರದ ಮನೆಗಳವರೆಲ್ಲ ರಿಪೇರಿಯವರ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು.

ಒಮ್ಮೆ ದಾರಿಯಲ್ಲಿ ಆ ರಿಪೇರಿಯವರೇ ನನ್ನನ್ನು ನಿಲ್ಲಿಸಿದರು. "ಸರ್, ನೀವು ಅಲ್ಲೇ ಇದ್ರಿ. ಸಾಲ್ಯಾಗ ಇದನ್ನ ಕಲಸ್ತೀರಿ. ಒಂದ್ ಮಾತ ಹೇಳಬಾರದಿತ್ತೇನ್ರಿ?"

ಹೌದು, ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಅದೇ ತಿಂಗಳು ವೋಲ್ಟೇಜಿನ ಪಾಠ ಮುಗಿಸಿದ್ದೆ.

"ದೊಡ್ಡವರ ಮುಂದ ಹೆಂಗ್ ಹೇಳೋದ್ರಿ" ಎಂದೆ.

ಅವರು ಚೀಟಿ ಓದುವಾಗಿನಂತೆ ಕನ್ನಡಕ ಹಣೆಗೇರಿಸಿದರು. ನಾನು ತಿರುಗಿ ನಡೆದೆ, ಬೆನ್ನು ಅವರ ಕಡೆಗಿತ್ತು.