ದಸ್ತಿ ಎಳೆದ ಪೈಲ್ವಾನ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವ ವಸ್ತು ಯಾವುದೆಂದು ಕೇಳಿದರೆ ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸದೆ ಹೇಳುತ್ತಾಳೆ: ದಸ್ತಿ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಕರವಸ್ತ್ರ ಎಂಬ ಗಂಭೀರ ಹೆಸರಿದೆ, ನನಗೂ ಗೊತ್ತು. ಆದರೆ ಕರವಸ್ತ್ರ ಅಂದರೆ ಅದರಿಂದ ಬೆವರು ಒರೆಸಲು ಮನಸ್ಸೇ ಬರುವುದಿಲ್ಲ, ಎದ್ದು ನಿಂತು ಅದಕ್ಕೇ ಒಂದು ನಮಸ್ಕಾರ ಮಾಡಬೇಕು ಅನಿಸುತ್ತದೆ. ನಮ್ಮ ಬಸವಕಲ್ಯಾಣದ ಕಡೆ ಅದು ದಸ್ತಿ. ಮೂಗು ಒರೆಸಿದರೂ ದಸ್ತಿ, ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿದರೂ ದಸ್ತಿ. ನನ್ನ ಕುತ್ತಿಗೆಯಲ್ಲಿ ಒಂದು, ಜೇಬಿನಲ್ಲಿ ಒಂದು ಯಾವಾಗಲೂ ಇರುತ್ತವೆ. ನಾನು ಹೆದ್ದಾರಿಯಲ್ಲಿ ಬಂಗ್ಲಾ ಎಂದು ಕರೆಯುವ ಕ್ರಾಸಿನ ಬಳಿ ಲಾರಿಗಳ ಕಮಾನು ಪಟ್ಟಿ ಕಟ್ಟುವವನು. ಲಾರಿಯ ಭಾರವನ್ನೆಲ್ಲ ಹೊತ್ತು ಸುಮ್ಮನಿರುವ ಆ ಬಾಗಿದ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಕೂಡಿಸುವ ಕೆಲಸ. ಶಾಲೆಯನ್ನು ಬೇಗ ಬಿಟ್ಟವನು, ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಸೊಂಟ ನೆಟ್ಟಗಿಟ್ಟುಕೊಂಡು ಹೋಗುವ ಯಾವ ಲಾರಿಯನ್ನಾದರೂ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ನನ್ನ ಸುತ್ತಿಗೆಯ ಸಹಿ ಕಾಣುತ್ತದೆ.

ಈಗ ನೀವು ಕೇಳಬಹುದು, ದಸ್ತಿಗೂ ಪೈಲ್ವಾನರಿಗೂ ಏನು ಸಂಬಂಧ ಎಂದು. ಹೇಳುತ್ತೇನೆ. ಅದಕ್ಕಿಂತ ಮೊದಲು ನಿಮ್ಮದೊಂದು ಹೊಟ್ಟೆಯುರಿಯನ್ನು ನೆನಪು ಮಾಡಿಕೊಳ್ಳಿ. ನೀವೂ ಯಾರೋ ಒಬ್ಬ ಆಟಗಾರನನ್ನು, ಅವನ ಭರ್ತಿ ಹರೆಯದಲ್ಲಿ, ನೋಡದೆ ಉಳಿದುಬಿಟ್ಟಿರುತ್ತೀರಿ. ನೀವು ಹುಟ್ಟುವ ಹೊತ್ತಿಗೆ ಅವನು ಆಟ ಮುಗಿಸಿ ಮನೆಗೆ ಹೋಗಿರುತ್ತಾನೆ. ನಿಮ್ಮ ಅಪ್ಪನೋ ಕಾಕನೋ ಅವನನ್ನು ಕಣ್ಣಾರೆ ಕಂಡು, ಆ ಪುಣ್ಯವನ್ನು ಜೀವನಪೂರ್ತಿ ನಿಮ್ಮ ತಲೆಯ ಮೇಲೆ ಕುಟ್ಟುತ್ತಿರುತ್ತಾನೆ. ನಮ್ಮ ಸೀಮೆಯಲ್ಲಿ ಇಂಥವರಿಗೆ ಬರವಿಲ್ಲ. ಬೇಮಳಖೇಡದಲ್ಲಿ ಒಬ್ಬ ಕಬಡ್ಡಿ ಆಟಗಾರನಿದ್ದನಂತೆ, ಅವನು ಉಸಿರು ಹಿಡಿದು ಎದುರಾಳಿಯ ಅಂಗಳಕ್ಕೆ ಹೋದರೆ ಪಂಚರು ಚಹಾ ಕುಡಿದು ಬಂದರೂ ಉಸಿರು ಮುಗಿದಿರುತ್ತಿರಲಿಲ್ಲವಂತೆ. ಕೊಹಿನೂರಿನಲ್ಲಿ ಒಬ್ಬ ಓಟಗಾರ, ಕಲ್ಯಾಣದ ಬಸ್ಸು ತಪ್ಪಿಸಿಕೊಂಡರೆ ಮುಂದಿನ ನಿಲ್ದಾಣದಲ್ಲಿ ನಿಂತು ಅದೇ ಬಸ್ಸಿಗೆ ಕೈ ಮಾಡುತ್ತಿದ್ದನಂತೆ. ಈ 'ಅಂತೆ' ಎಂಬ ಎರಡಕ್ಷರದ ಮೇಲೆ ನಾವು ಕಟ್ಟಿದ ಕ್ರೀಡಾಂಗಣಗಳನ್ನು ಯಾವ ಸರ್ಕಾರವೂ ಕಟ್ಟಿಲ್ಲ.

ಇಂದಿನ ಆಟಗಾರ ತಲೆ ಕೆರೆದುಕೊಂಡರೂ ಅದನ್ನು ಎಂಟು ದಿಕ್ಕಿನಿಂದ, ನಿಧಾನಗತಿಯಲ್ಲಿ, ಮೊಬೈಲಿನಲ್ಲಿ ನೋಡಬಹುದು. ನೋಡಿ ನೋಡಿ ಅವನು ನಮ್ಮ ಓಣಿಯವನೇ ಆಗಿಬಿಡುತ್ತಾನೆ. ನೋಡದವನು ಮಾತ್ರ ವರ್ಷವರ್ಷ ಬೆಳೆಯುತ್ತಲೇ ಹೋಗುತ್ತಾನೆ.

ನನ್ನ ಮಟ್ಟಿಗೆ ಹಾಗೆ ಬೆಳೆದವನು ಹುಮನಾಬಾದಿನ ಖಾಸಿಮ ಪೈಲ್ವಾನ. ನನ್ನ ಅಪ್ಪ ಹರೆಯದಲ್ಲಿ ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊರುತ್ತಿದ್ದಾಗ, ಬೇವಿನ ಗಿಡದ ಮೇಲೆ ಕುಳಿತು, ಖಾಸಿಮ ಪೈಲ್ವಾನನ ಒಂದು ಕುಸ್ತಿಯನ್ನು ನೋಡಿದ್ದ. ಎದುರಾಳಿ ಲಾತೂರಿನ ಕಡೆಯವನು. ಅಪ್ಪ ಆ ಕಥೆಯನ್ನು ಪ್ರತಿ ಸಲವೂ ಅವೇ ಮಾತುಗಳಲ್ಲಿ ಹೇಳುತ್ತಿದ್ದ, ಮಂತ್ರದ ಹಾಗೆ, ಒಂದು ಅಕ್ಷರವೂ ಆಚೀಚೆಯಾಗದಂತೆ.

"ಲಾತೂರಿನಾಂವ ಆನಿ ಇದ್ದಂಗ ಇದ್ದ ನೋಡು ಮಗಾ. ಖಾಸಿಮ ಅವನ ಮುಂದ ಹೋರಿಕರಾ. ಮಂದಿ ಎಲ್ಲಾ 'ಹೋದ, ಖಾಸಿಮ ಹೋದ' ಅಂತ ಕೂಗಾಕತ್ತಿದ್ರು. ಆಗ ಒಂದ ದಸ್ತಿ ಎಳದಾನ ನೋಡು... ಆನಿ ಚಿತ್!"

ಚಿತ್ ಅನ್ನುವಾಗ ಅಪ್ಪ ತೊಡೆ ತಟ್ಟುತ್ತಿದ್ದ, ಒಲೆಯ ಮುಂದಿನ ಬೆಕ್ಕು ಓಡಿಹೋಗುತ್ತಿತ್ತು.

ಒಂದು ದಸ್ತಿ ಎಳೆದು ಆನೆಯನ್ನು ಕೆಡವಿದ ಮನುಷ್ಯ! ನಾನು ಆ ದೃಶ್ಯವನ್ನು ನೋಡಿಲ್ಲ ಎಂದು ಹೇಗೆ ಹೇಳಲಿ? ಸಾವಿರ ಸಲ ನೋಡಿದ್ದೇನೆ. ಖಾಸಿಮ ಪೈಲ್ವಾನ ನಗುನಗುತ್ತ ದಸ್ತಿ ಹೊರಗೆ ತೆಗೆಯುತ್ತಾನೆ. ಅದು ಕೆಂಪು ದಸ್ತಿ, ಅಂಚಿಗೆ ಹಸಿರು ದಾರ, ಅತ್ತರಿನ ಘಮ. ಅದನ್ನು ಲಾತೂರಿನವನ ಕಣ್ಣ ಮುಂದೆ ಒಮ್ಮೆ ಝಾಡಿಸುತ್ತಾನೆ. ಗಾಳಿಪಟದ ಹಿಂದೆ ಹೋದ ಹುಡುಗನಂತೆ ಆನೆಯ ಕಣ್ಣು ದಸ್ತಿಯ ಹಿಂದೆ ಹೋಗುತ್ತದೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬಣ್ಣ, ಅಂಚು, ಅತ್ತರು ಯಾವುದನ್ನೂ ಅಪ್ಪ ಹೇಳಿರಲಿಲ್ಲ, ಅವೆಲ್ಲ ನಾನು ಹಾಕಿದ ಒಗ್ಗರಣೆ. ಆದರೆ ದಸ್ತಿ ಅಪ್ಪನದೇ. ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ; ಪಂಗತಿಯಲ್ಲಿ ಹೊಟ್ಟೆ ತುಂಬಿತೇ ಎಂದು ಕೇಳಿದರೆ, ತುಂಬದಿದ್ದಾಗ "ಇನ್ನಾ ಇಲ್ರಿ" ಎಂದು ಹೇಳಿ ಅವ್ವನ ಮಾನ ಕಳೆಯುತ್ತಿದ್ದವನು.

ನನ್ನ ಅಂಗಡಿಯ ಎದುರಿಗೆ ಬಕ್ಕಪ್ಪನ ಚಹಾ ಹೋಟೆಲಿದೆ. ಬಕ್ಕಪ್ಪ ನನ್ನ ಬಾಲ್ಯದ ಗೆಳೆಯ, ಕ್ರಿಕೆಟ್ಟಿನ ಹುಚ್ಚ, ಮೊಬೈಲಿನಲ್ಲಿ ಇಲ್ಲದ ಯಾವ ವೀರನನ್ನೂ ಒಪ್ಪದವನು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಹೋಟೆಲು ತುಂಬ ಲಾರಿ ಡ್ರೈವರುಗಳು ಕುಳಿತಿದ್ದಾಗ, ನಾನು ಖಾಸಿಮ ಪೈಲ್ವಾನನ ಕಥೆಯನ್ನು ಅತ್ತರು ಸಮೇತ ಹೇಳಿ ಮುಗಿಸಿ ಚಹಾದ ಬಸಿ ಎತ್ತಿಕೊಂಡೆ. ಬಕ್ಕಪ್ಪ ಗಲ್ಲದ ಮೇಲೆ ಕೈಯಿಟ್ಟು ಕೇಳಿದ:

"ಏ ಕಾಶಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಕುಸ್ತಿಗಿ ಇಳದಾಗ ಪೈಲ್ವಾನನ ಮೈಮ್ಯಾಲ ಏನಿರ್ತದ?"

"ಲಂಗೋಟ."

"ಮತ್ತೇನಿರ್ತದ?"

"ಮಣ್ಣು."

"ಹಂಗಾರ ದಸ್ತಿ ಎಲ್ಲಿಂದ ಎಳದನಪಾ?"

ಹೋಟೆಲು ಕುಸಿದುಬಿತ್ತು ಅಂದುಕೊಳ್ಳಿ. ಒಬ್ಬ ಡ್ರೈವರಿನ ಮೂಗಿನಿಂದ ಚಹಾ ಬಂತು. ಇನ್ನೊಬ್ಬ ಬೆಂಚಿನ ಕೆಳಗೆ ಹೋಗಿ ನಕ್ಕು ಮುಗಿಸಿ ಮೇಲೆ ಬಂದ. ನನಗೂ ಒಳಗೊಳಗೇ ನಗು ಬಂದಿತ್ತು, ಸುಳ್ಳೇಕೆ; ಇಷ್ಟು ವರ್ಷ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲವಲ್ಲ! ಆದರೆ ಆ ನಗು ನನ್ನ ಮೇಲಿಂದ ಜಾರಿ ಅಪ್ಪನ ಮೇಲೆ ಬೀಳುತ್ತಿತ್ತು. ತೀರಿಹೋದ ಮನುಷ್ಯ ಎದ್ದು ಬಂದು ತನ್ನ ಮಾತಿಗೆ ಸಾಕ್ಷಿ ಕೊಡಲಾರ. ನಾನು ಬಸಿ ಕೆಳಗಿಟ್ಟೆ.

"ನಮ್ಮಪ್ಪ ಸುಳ್ಳು ಹೇಳಿದ್ರ, ಈ ಮೀಸಿ ನಿನ್ನ ಹೋಟೆಲ್ ಮುಂದ ಕುಂತು ಬೋಳಿಸ್ಕೋತೀನಿ!"

"ಖರೆನೋ ಸುಳ್ಳೋ ಹೇಳಾಕ ಖಾಸಿಮ ಪೈಲ್ವಾನ ಇನ್ನಾ ಇರಬೇಕಲ್ಲ?" ಎಂದ ಬಕ್ಕಪ್ಪ, ಕಣ್ಣೊರೆಸಿಕೊಳ್ಳುತ್ತ.

ಆಗ ಮೂಗಿನಿಂದ ಚಹಾ ಬಂದಿದ್ದ ಡ್ರೈವರು, ಹುಮನಾಬಾದಿನವನು, ಕೆಮ್ಮುತ್ತ ಹೇಳಿದ: "ಇದ್ದಾರಲ್ರಿ! ನಮ್ಮ ಓಣ್ಯಾಗೇ ಅದಾರ. ದಿನಾ ಬಾಗಲ ಮುಂದ ಹೊರಸಿನ ಮ್ಯಾಲ ಕುಂತಿರ್ತಾರ, ಆಡಿಗಿ ಮೇವು ಹಾಕ್ಕೋತ."

ದಂತಕಥೆಗಳಿಗೂ ಓಣಿ ಇರುತ್ತದೆ, ಬಾಗಿಲು ಇರುತ್ತದೆ, ಆಡು ಇರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಹುಮನಾಬಾದು ಏನು ದೂರ? ಚಹಾ ಆರುವುದರೊಳಗೆ ಹೊರಟು ಮುಟ್ಟುವ ಊರು. ತಿಂಗಳಿಗೆ ನಾಲ್ಕಾರು ಸಲ ಸಾಮಾನು ತರಲು ಹೋಗುತ್ತೇನೆ, ಒಮ್ಮೆಯೂ ವಿಚಾರಿಸಿರಲಿಲ್ಲ. ದೇವರ ವಿಳಾಸವನ್ನು ಯಾರಾದರೂ ಚೌಕಿನಲ್ಲಿ ನಿಂತು ಕೇಳುತ್ತಾರೆಯೇ?

ಮರುದಿನವೇ ಹೊರಟೆವು. ಗಾಡಿ ನನ್ನದು, ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಬಕ್ಕಪ್ಪ. ದಾರಿಯುದ್ದಕ್ಕೂ ಅವನು ನನ್ನ ಕಿವಿಯಲ್ಲಿ "ಕತ್ತರಿ ತರಲಿಲ್ಲ ನೋಡಪಾ, ಅಲ್ಲೇ ಸಿಗ್ತದೇನು?" ಎಂದು ಗಾಳಿಗಿಂತ ಜೋರಾಗಿ ಕೂಗುತ್ತಿದ್ದ. ನನಗೆ ಮೀಸೆಯ ಚಿಂತೆ ಇರಲಿಲ್ಲ, ಅದು ಮತ್ತೆ ಬೆಳೆಯುವ ಬೆಳೆ. ಅಪ್ಪನ ಮಾತು ಒಮ್ಮೆ ಬೋಳಾದರೆ ಮತ್ತೆ ಚಿಗುರುತ್ತದೆಯೇ? ಅದರ ಜೊತೆಗೆ ಇನ್ನೊಂದು ಅಳುಕು. ಹರೆಯದಲ್ಲಿ ನೋಡಬೇಕಾದವನನ್ನು ಮುಪ್ಪಿನಲ್ಲಿ ನೋಡಲು ಹೋಗುವುದೆಂದರೆ, ಮದುವೆಯ ಮರುದಿನ ಮಂಟಪ ನೋಡಲು ಹೋದ ಹಾಗೆ. ಕಂಬ ಇರುತ್ತದೆ, ತೋರಣ ಬಾಡಿರುತ್ತದೆ, ಊಟದ ವಾಸನೆ ಮಾತ್ರ ಗಾಳಿಯಲ್ಲಿ ಉಳಿದಿರುತ್ತದೆ.

ಹೊರಸಿನ ಮೇಲೆ ಕುಳಿತಿದ್ದವರು ಎಂಬತ್ತು ದಾಟಿದ, ಒಣ ಖರ್ಜೂರದಂಥ ಮುದುಕರು. ಇವರೇ ಎಂದು ಹೇಳಿದ್ದು ಅವರ ಕಿವಿಗಳು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿಹೋದ, ಹಪ್ಪಳ ಕರಿದಂಥ ಕಿವಿಗಳು. ನಾನು ಕಾಲು ಮುಟ್ಟಿದೆ. ತಂದಿದ್ದ ಕಾಣಿಕೆಯನ್ನು ಎರಡೂ ಕೈಯಲ್ಲಿ ಕೊಟ್ಟೆ: ಹೊಸ ಕೆಂಪು ದಸ್ತಿ. ಅವರು ಅದನ್ನು ಬಿಡಿಸಿ, ತಿರುಗಿಸಿ, "ಛಲೋ ಅದ ಬೇಟಾ" ಎಂದು ಹೇಳಿ, ಅದರಿಂದಲೇ ಘನವಾಗಿ ಮೂಗು ಒರೆಸಿಕೊಂಡರು. ಬಕ್ಕಪ್ಪ ಗೋಡೆಯ ಕಡೆ ತಿರುಗಿ ನಿಂತ; ಅವನ ಭುಜಗಳು ಅಲುಗುತ್ತಿದ್ದವು.

ನಾನು ಅಪ್ಪನ ಕಥೆಯನ್ನು ಹೇಳಿದೆ, ಬೇವಿನ ಗಿಡದಿಂದ ಹಿಡಿದು ಚಿತ್ ತನಕ. ನಂತರ ಕೈಮುಗಿದು ಕೇಳಿದೆ: "ಚಾಚಾ, ಖರೆ ಹೇಳ್ರಿ. ಲಂಗೋಟದಾಗ ಆ ದಸ್ತಿ ಎಲ್ಲಿ ಇಟ್ಕೊಂಡಿದ್ರಿ?"

ಪೈಲ್ವಾನರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕೆಂಪು ದಸ್ತಿಯನ್ನು ನೋಡಿದರು. ಮತ್ತೆ ನನ್ನ ಮುಖ. ಆಮೇಲೆ ಆ ಒಣ ದೇಹದೊಳಗಿಂದ ಎಲ್ಲಿಂದ ಬಂತೋ ನಗು, ಹೊರಸು ಕಿರ್ರೆಂದಿತು, ಆಡು ಹಗ್ಗ ಜಗ್ಗಿತು, ಒಳಗಿನಿಂದ ಸೊಸೆ "ಏನಾತ್ರಿ ಅಬ್ಬಾ?" ಎಂದು ಓಡಿಬಂದಳು.

"ಕೇಳು ಬೇಟಿ! ಇಂವ ಹೇಳ್ತಾನ, ನಾ ಮೂಗು ಒರಸೋ ಬಟ್ಟೀಲೆ ಲಾತೂರಿನಾಂವನ್ನ ಕೆಡವಿದೆ ಅಂತ!" ನಗುತ್ತಲೇ ನನ್ನ ಕಡೆ ತಿರುಗಿದರು. "ಅರೇ ಹುಚ್ಚಾ, ದಸ್ತ್ ಅಂದ್ರ ಕೈ. ದಸ್ತಿ ಅಂದ್ರ ಕುಸ್ತ್ಯಾಗಿನ ಒಂದು ಪೇಚು, ಒಂದು ಪಟ್ಟು. ಎದುರಿನಾಂವನ ಮಣಿಕಟ್ಟು ಹಿಡದು ಎಳದು ಅವನ ಹಿಂದ ಹೋಗೋದು. ತಾಲೀಮಿನ್ಯಾಗ ಮೊದಲು ಕಲಸೋದು ಅದನ್ನ. ನಿಮ್ಮಪ್ಪ ಗಿಡದ ಮ್ಯಾಲ ಕುಂತು ಬರೋಬ್ಬರಿ ನೋಡ್ಯಾನ. ದಸ್ತೀನ ಎಳದಿದ್ದೆ ನಾ!"

ನೋಡಿದಿರಾ? ಅಪ್ಪ ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ! ಅವನು ಪಟ್ಟಿನ ಹೆಸರು ಹೇಳಿದ್ದ, ಮಗ ಬಟ್ಟೆ ತಿಳಿದುಕೊಂಡಿದ್ದ; ತಾಲೀಮಿನ ಮಣ್ಣು ಮೆಟ್ಟದ ನಾನು ಒಂದು ಪೇಚಿಗೆ ಅಂಚು ಹೊಲಿದು, ಅತ್ತರು ಹಾಕಿ, ಬಾಲ್ಯದಿಂದ ಇಲ್ಲಿಯವರೆಗೆ ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ನಾಚಿಕೆಯಾಗಬೇಕಿತ್ತು. ಬದಲಿಗೆ ನನಗೆ ಕುಣಿಯಬೇಕು ಅನಿಸಿತು. ದೊಡ್ಡವರ ಮಾತು ನಮಗೆ ಪೂರ್ತಿ ಅರ್ಥವಾಗಿಬಿಟ್ಟಿದ್ದರೆ ಅವರು ಕಂಡ ವೀರರು ನಮ್ಮಲ್ಲಿ ಇಷ್ಟು ದಿನ ಬದುಕುತ್ತಿದ್ದರೇ? ತಪ್ಪು ತಿಳಿದದ್ದಕ್ಕೇ ನಾನು ಸಾವಿರ ಸಲ ನೋಡಿದೆ. ಸರಿ ತಿಳಿದಿದ್ದರೆ ಒಮ್ಮೆ ತಲೆಯಾಡಿಸಿ ಮಲಗಿಬಿಡುತ್ತಿದ್ದೆ.

ಬಕ್ಕಪ್ಪ ಮಾತ್ರ ವ್ಯವಹಾರ ಬಿಡುವವನಲ್ಲ. "ಹಂಗಾದ್ರ ಚಾಚಾ, ಮೀಸಿದು ಏನು ಫೈಸಲಾ?"

ಪೈಲ್ವಾನರು ನ್ಯಾಯಾಧೀಶರ ಹಾಗೆ ಬೆನ್ನು ನೆಟ್ಟಗೆ ಮಾಡಿದರು. "ಹೇಳಿದಾಂವ ಖರೆ ಹೇಳ್ಯಾನ. ಕೇಳಿದಾಂವ ಹುಚ್ಚ. ಹುಚ್ಚರ ಮೀಸಿ ತಗಿಯೋ ಕಾನೂನು ಹುಮನಾಬಾದದಾಗ ಇಲ್ಲ. ಇರ್ಲಿ ಬಿಡು."

ಅಷ್ಟಕ್ಕೆ ನಾನು ಎದ್ದು ಬರಬೇಕಿತ್ತು. ಮಾತು ಉಳಿದಿತ್ತು, ಮೀಸೆಯೂ ಉಳಿದಿತ್ತು. ಆದರೆ ಆಸೆಗೆ ಬೆನ್ನು ನೆಲಕ್ಕೆ ತಾಗುವವರೆಗೂ ಬುದ್ಧಿ ಬರುವುದಿಲ್ಲ. ಅಪ್ಪ ಗಿಡದ ಮೇಲಿಂದ ಕಂಡದ್ದನ್ನು ಒಮ್ಮೆ, ಒಂದೇ ಒಮ್ಮೆ, ನಾನೂ ನನ್ನ ಕಣ್ಣಿನಿಂದ ನೋಡಬೇಕಿತ್ತು. ಕೇಳಿಯೇಬಿಟ್ಟೆ: "ಚಾಚಾ, ಹ್ಯಾಂಗ ಎಳದ್ರಿ? ಒಂಚೂರು ತೋರಸ್ರಿ."

"ಬ್ಯಾಡ್ರಿ ಅಬ್ಬಾ," ಎಂದಳು ಸೊಸೆ, "ಡಾಕ್ಟರು ಬೈದಾರಲ್ರಿ."

"ಬರೇ ಕೈ ಹಿಡಿಯೋದು ತೋರಸ್ತೀನಿ ಬೇಟಿ, ನೀ ಚಾ ಇಡು ಹೋಗು," ಎಂದು ಪೈಲ್ವಾನರು ಹೊರಸಿನ ಕಾಲು ಹಿಡಿದು ನಿಧಾನವಾಗಿ ಎದ್ದರು. ಎದ್ದವರು ನನ್ನ ಎದೆಯ ಮಟ್ಟಕ್ಕೂ ಬರಲಿಲ್ಲ. ನಾನು ಲಾರಿಯ ಪಟ್ಟಿ ಎತ್ತುವ ಆಳು. ಇವರಿಗೆ ಏಟಾದೀತೆಂದು ಹೆದರಿ, ಕೂಸಿಗೆ ಕೊಡುವ ಹಾಗೆ ಮೆಲ್ಲಗೆ ಕೈ ಕೊಟ್ಟೆ.

ಮಣಿಕಟ್ಟಿಗೆ ಏನೋ ಬೆಚ್ಚಗೆ ತಾಗಿತು. ಅಷ್ಟೇ. ಮರುಕ್ಷಣ ನನ್ನ ಮುಂದೆ ಹುಮನಾಬಾದಿನ ಆಕಾಶವಿತ್ತು, ಬಲು ನೀಲಿ, ಒಂದು ಪಾರಿವಾಳದ ಸಮೇತ. ಬೆನ್ನ ಕೆಳಗೆ ಆಡಿಗೆಂದು ರಾಶಿ ಹಾಕಿದ್ದ ತೊಗರಿ ಹೊಟ್ಟು. ಆಡು ಬಂದು ನನ್ನ ಕಿವಿ ಮೂಸಿ, ಮೇವಲ್ಲವೆಂದು ಖಾತ್ರಿ ಮಾಡಿಕೊಂಡು ಹೋಯಿತು. ಸೊಸೆ ಬಾಯಿಗೆ ಸೆರಗು ಹಿಡಿದಿದ್ದಳು. ಬಕ್ಕಪ್ಪ, ಮೊಬೈಲಿನಲ್ಲಿ ಇಲ್ಲದವರನ್ನು ಒಪ್ಪದ ಬಕ್ಕಪ್ಪ, ಕೈಯಲ್ಲಿದ್ದ ಮೊಬೈಲನ್ನೇ ಮರೆತು ಕುಣಿಯುತ್ತಿದ್ದ: "ಚಾಚಾ, ನಂದೂ ಕೈ ಹಿಡೀರಿ! ನಂದೂ ಒಮ್ಮಿ!"

ಪೈಲ್ವಾನರು ನನ್ನ ಮೇಲೆ ಬಗ್ಗಿದರು. ಏದುಸಿರು ಬಿಡುತ್ತಿದ್ದರು, ಆದರೆ ಕಣ್ಣುಗಳು ಪಕ್ಕದ ಮನೆಯ ಮಾವಿನಕಾಯಿ ಕದ್ದ ಹುಡುಗನವು.

"ನೋಡಬೇಕಂದ್ಯಲ್ಲ ಬೇಟಾ. ಏನ್ ಕಂಡ್ತು?"

ಸುಳ್ಳು ಹೇಳುವ ಮನೆತನ ನಮ್ಮದಲ್ಲ. "ಏನೂ ಕಾಣಲಿಲ್ರಿ ಚಾಚಾ."

ಅವರ ಮುಖ ಹಬ್ಬದ ದೀಪದಂತೆ ಬೆಳಗಿತು.

"ಹೌದಲ್ಲ? ಲಾತೂರಿನಾಂವನೂ ಹಂಗ ಅಂದಿದ್ದ!"