ಎಡಗೈ ಸುತ್ತಿನ ಕಂಡೆನ್ಸರ್

ಆ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಡಲಿ, ಇಸ್ತ್ರಿಪೆಟ್ಟಿಗೆ ಕಾಯದೆ ಹೋಗಲಿ, ಜನ ಹೇಳುತ್ತಿದ್ದುದು ಒಂದೇ ಮಾತು: ಉಲ್ಟಾ ಹತ್ತಿರ ಕೊಡಿ. ದರ್ಜಿಯ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಎಂಟಡಿ ಅಗಲದ ರಿಪೇರಿ ಅಂಗಡಿ ಅವನದು. ಹೆತ್ತವರಿಟ್ಟ ಹೆಸರು ಬೋರ್ಡಿನ ಮೇಲಿತ್ತು, ಓದಿದವರು ಕಡಿಮೆ. ಶಾಲೆಗೆ ಹೋಗುವ ಮಕ್ಕಳೂ ಉಲ್ಟಾ ಮಾಮ ಎನ್ನುತ್ತಿದ್ದವು, ಅವನೂ ಓಗೊಡುತ್ತಿದ್ದ. ಓಗೊಡದೆ ಇನ್ನೇನು ಮಾಡಿಯಾನು? ತಪ್ಪು ತನ್ನದೇ ಎಂದು ನಂಬಿದವನಿಗೆ ಸಿಟ್ಟಾದರೂ ಎಲ್ಲಿಂದ ಬಂದೀತು?

ಆ ಹೆಸರು ಅಂಟಿಕೊಂಡು ಇಪ್ಪತ್ತೆಂಟು ವರ್ಷವಾಗಿತ್ತು. ಆಗ ಅವನು ರೇಡಿಯೋ ಮೇಷ್ಟ್ರ ಬಳಿ ಕೆಲಸಕ್ಕಿದ್ದ. ಗಾಜಿನ ವಾಲ್ವ್ ಉರಿಯುವ ಹಳೆಯ ಕಾಲದ ಸೆಟ್ಟುಗಳ ವಿಷಯದಲ್ಲಿ ಊರಿಗೆಲ್ಲ ಮೇಷ್ಟ್ರು ಹೇಳಿದ್ದೇ ವೇದವಾಕ್ಯ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನೊಳಗೆ ಕರೆಂಟು ಹೊಂಚು ಹಾಕಿ ಕೂತಿರುತ್ತದೆ, ಅದು ಎದೆ ಹಾಯದಂತೆ ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಇನ್ನೊಂದನ್ನು ಒಳಗೆ ಹಾಕು ಎಂದು ಕಲಿಸಿದವರು ಅವರು. ಇವನು ಎಡಚ, ಹಾಗಾಗಿ ಜೇಬಿನಲ್ಲಿರುತ್ತಿದ್ದುದು ಬಲಗೈ. ಕಂಡೆನ್ಸರಿನ ತಂತಿಕಾಲನ್ನು ಬೆಸುಗೆ ಹಾಕುವ ಮುಂಚೆ ಸೆಟ್ಟಿನೊಳಗಿನ ಕೊಂಡಿಗೆ ಒಂದೂವರೆ ಸುತ್ತು ಸುತ್ತುತ್ತಿದ್ದ. ಬೇರೆಲ್ಲರ ಸುತ್ತು ಬಲಕ್ಕೆ ತಿರುಗಿದರೆ ಇವನದು ಎಡಕ್ಕೆ. ಅದನ್ನು ನೋಡಿ ಮೇಷ್ಟ್ರು ನಗುತ್ತಿದ್ದರು.

ಊರಿನ ಡಾಕ್ಟರ ಮನೆಯಲ್ಲೊಂದು ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್ ಇತ್ತು. ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಶುರುವಾಯಿತು. ಫಿಲ್ಟರ್ ಕಂಡೆನ್ಸರುಗಳಿಗೆ ವಯಸ್ಸಾದರೆ ಹಾಗೇ. ಮೇಷ್ಟ್ರು ಕೆಲಸವನ್ನು ಇವನಿಗೆ ವಹಿಸಿದರು. ಇವನು ನಾಲ್ಕೂ ಕಂಡೆನ್ಸರ್ ಬದಲಿಸಿ ಸ್ಕ್ರೂಡ್ರೈವರ್ ಕೆಳಗಿಟ್ಟಿದ್ದನಷ್ಟೆ, ಡಾಕ್ಟರ ಮನೆಗೆ ನೆಂಟರು ಬಂದಿದ್ದಾರೆ, ಈಗಲೇ ಬೇಕಂತೆ ಎಂದು ಮೇಷ್ಟ್ರು ಪರೀಕ್ಷೆಗೂ ಕಾಯದೆ ಹೊತ್ತೊಯ್ದರು. ಅಲ್ಲಿ ಹಚ್ಚಿದ ಐದೇ ನಿಮಿಷಕ್ಕೆ ನೆಂಟರ ಎದುರೇ ಹೊಗೆ ಎದ್ದಿತು, ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಯಿತು. ನನ್ನ ಹುಡುಗ ಪ್ಲಸ್ಸು ಮೈನಸ್ಸು ಉಲ್ಟಾ ಹಾಕಿದ್ದಾನೆ ಎಂದರು ಮೇಷ್ಟ್ರು. ಸಂಜೆಯೊಳಗೆ ಆ ಮಾತು ಬೀದಿಯ ಬಾಯಲ್ಲಿತ್ತು, ಮರುದಿನ ಇವನ ಕೆಲಸ ಹೋಯಿತು.

ಇವನಿಗೆ ಸರಿಯಾಗಿಯೇ ಹಾಕಿದ ನೆನಪು. ಆದರೆ ಮೇಷ್ಟ್ರೇ ಬಾಯಿಬಿಟ್ಟು ಹೇಳಿದ ಮೇಲೆ ತನ್ನ ನೆನಪು ಯಾವ ಲೆಕ್ಕ? ಸೆಟ್ಟು ಬಿಚ್ಚಿ ತೋರಿಸಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅಲ್ಲಿಂದಾಚೆ ವಾಲ್ವ್ ಸೆಟ್ಟು ಮುಟ್ಟಲಿಲ್ಲ. ಮಿಕ್ಸಿಯ ಎರಡು ವೈರು ಜೋಡಿಸಬೇಕಾದರೂ ಮೂರು ಸಲ ನೋಡುವ ಚಾಳಿ ಹತ್ತಿತು. ಒಂದು ವರ್ಷದ ಬಳಿಕ ಹೋಗಿ ಕ್ಷಮಿಸಿ ಎಂದಾಗ ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, ಹೋಗ್ಲಿ ಬಿಡೋ, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ ಎಂದರು. ಆ ಒಂದು ಮಾತಿನ ಋಣಕ್ಕೆ ಇವನು ಪ್ರತಿ ಭಾನುವಾರ ಅವರ ಮನೆಗೆ ಹೋಗತೊಡಗಿದ. ಮೇಷ್ಟ್ರಿಗೆ ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಉಗುರು ಕತ್ತರಿಸುವುದು, ಗಡ್ಡ ಹೆರೆಯುವುದು, ಕಿವಿಯ ಮಿಷನ್ನಿಗೆ ಸೆಲ್ಲು ಹಾಕುವುದು, ಎಲ್ಲ ಇವನೇ. ಇವನ ಹೆಂಡತಿ ಮಾತ್ರ ಭಾನುವಾರ ಬಂತೆಂದರೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಡಾಕ್ಟರ ಮಗಳು ಅದೇ ಆಂಪ್ಲಿಫೈಯರನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಬಂದಳು. ಅಪ್ಪ ತೀರಿಕೊಂಡರು, ಮೇಷ್ಟ್ರಿಗೆ ಕಣ್ಣು ಕಾಣದು, ಗುಂಯ್ ಸದ್ದು ಮತ್ತೆ ಬಂದಿದೆ, ಈ ಕೆಲಸ ಬಲ್ಲವರು ಇನ್ನು ನೀವೊಬ್ಬರೇ ಎಂದಳು. ಬೇಡ ಎನ್ನಲು ಬಾಯಿ ತೆರೆದವನು, ಈ ಸಲವಾದರೂ ಸರಿಯಾಗಿ ಮಾಡಿ ಆ ಕಳಂಕ ತೊಳೆದುಕೊಳ್ಳೋಣ ಎನ್ನಿಸಿ ಇಟ್ಟುಹೋಗಿ ಎಂದ.

ಅವಳು ಹೋದ ಮೇಲೆ ಸೆಟ್ಟನ್ನು ಬೋರಲು ಹಾಕಿ ತಳದ ತಗಡು ಬಿಚ್ಚಿದ. ಬಲಗೈ ತಾನಾಗಿ ಜೇಬಿಗೆ ಹೋಯಿತು. ಕಂಡೆನ್ಸರುಗಳಲ್ಲಿ ಉಳಿದ ಕರೆಂಟನ್ನು ಇಳಿಸಿ, ಮೀಟರ್ ಹಿಡಿದು ಸೊನ್ನೆ ಎಂದು ನೋಡಿಕೊಂಡು, ಆಮೇಲೆ ಕನ್ನಡಕ ಹಾಕಿ ಬಗ್ಗಿದ. ಟ್ರಾನ್ಸ್‌ಫಾರ್ಮರ್ ಬೇರೆಯದು, ಆಮೇಲೆ ಕೂರಿಸಿದ್ದು. ಕಂಡೆನ್ಸರುಗಳು ಮಾತ್ರ ಅವೇ ನಾಲ್ಕು. ಕೊಂಡಿಗಳಿಗೆ ಒಂದೂವರೆ ಸುತ್ತು, ಎಡಕ್ಕೆ. ಅವನದೇ ಕೈ. ಪ್ಲಸ್ ಇರಬೇಕಾದಲ್ಲಿ ಪ್ಲಸ್, ಮೈನಸ್ ಇರಬೇಕಾದಲ್ಲಿ ಮೈನಸ್. ಚಾಳಿಯಂತೆ ಮೂರು ಸಲ ನೋಡಿದ. ಮೂರು ಸಲವೂ ಸರಿಯಾಗಿತ್ತು.

ಉಲ್ಟಾ ಹಾಕಿದ್ದರೆ ಅವು ಅಂದೇ ಉಬ್ಬಿ ಒಡೆಯಬೇಕಿತ್ತು, ಇಪ್ಪತ್ತೆಂಟು ವರ್ಷ ದುಡಿಯುತ್ತಿರಲಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ಇದೇ ತಗಡು ಬಿಚ್ಚಿದ ಮೇಷ್ಟ್ರು ಈ ಕಂಡೆನ್ಸರುಗಳನ್ನು ಕಂಡಿದ್ದಾರೆ, ಸರಿಯಿದೆ ಎಂದು ಅರಿತು ಹಾಗೇ ಬಿಟ್ಟು ಮುಚ್ಚಿದ್ದಾರೆ. ಮುಚ್ಚಿ ಬಂದು ಇವನಿಗೆ ಕ್ಷಮೆ ಬೇರೆ ಕೊಟ್ಟಿದ್ದಾರೆ! ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ವಾರವಾರವೂ ಹೋಗಿ ಕೋತಿಯ ಉಗುರು ಕತ್ತರಿಸಿ ಬಂದಿತ್ತು.

ಹಳೆಯ ಕಂಡೆನ್ಸರ್ ತೆಗೆಯುವಾಗ ಬೆಸುಗೆ ಕರಗಿಸಿ ಕಾಲು ಬಿಡಿಸುವುದು ರೂಢಿ. ಕರಗಿಸಿದರೆ ಸುತ್ತೂ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಹಾಗೆಂದು ಬದಲಿಸದೆ ಬಿಡುವಂತಿಲ್ಲ, ಅವುಗಳ ಆಯುಸ್ಸು ಮುಗಿದಿತ್ತು. ಕೊನೆಗೆ ಅವು ಕೂತಿದ್ದ ಕೊಂಡಿಪಟ್ಟಿಯನ್ನೇ ಇಡಿಯಾಗಿ ಬಿಚ್ಚಿ ತೆಗೆದ. ಹೊಸ ಪಟ್ಟಿ ಕೂರಿಸಿ, ಹೊಸ ಕಂಡೆನ್ಸರುಗಳ ಕಾಲನ್ನು ಎಡಕ್ಕೇ ಸುತ್ತಿ ಬೆಸೆದ. ಹಚ್ಚಿದಾಗ ಗುಂಯ್ ಸದ್ದಿರಲಿಲ್ಲ.

ಒಯ್ಯಲು ಬಂದ ಡಾಕ್ಟರ ಮಗಳು ಹಳೆಯ ಪಟ್ಟಿಯನ್ನು ನೋಡಿ, ಅದನ್ನು ಇವನೇ ಇಟ್ಟುಕೊಳ್ಳಲಿ ಎಂದಳು. ಆಮೇಲೆ ಏನೋ ನೆನಪಾಗಿ ನಕ್ಕಳು.

"ಮೇಷ್ಟ್ರು ವರ್ಷಾ ವರ್ಷಾ ಧೂಳು ಹೊಡೆಯೋಕೆ ಬರ್ತಿದ್ರು. ಈ ಬೆಸುಗೆ ನನ್ನ ಕೈಯದು, ಯಾರೂ ಮುಟ್ಟೋ ಹಾಗಿಲ್ಲ ಅಂತ ಅಪ್ಪನ ಹತ್ರ ಹೇಳೋರು."

ತಪ್ಪು ಇವನದು, ಕೈ ಅವರದು. ಇವನು ಅಂಗಡಿಯ ಬಾಗಿಲೆಳೆದು, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ಮೇಷ್ಟ್ರ ಮನೆಗೆ ನಡೆದ. ಅವರ ಬಾಯಿಂದಲೇ ಕೇಳಬೇಕಿತ್ತು. ಅವರೇ ನಾಲ್ಕು ಜನರೆದುರು ಹೇಳಿದರೆ ಬೋರ್ಡಿನ ಮೇಲಿನ ಹೆಸರು ಮತ್ತೆ ಅವನದಾಗುತ್ತದೆ, ಅವನಿಗೆ ಬೇಕಾದದ್ದು ಅಷ್ಟೇ.

ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಇವತ್ತು ಭಾನುವಾರವೇನೋ ಎಂದು ಕೇಳಿದರು. ಇವನು ಪಟ್ಟಿಯನ್ನು ಅವರ ಅಂಗೈಯಲ್ಲಿಟ್ಟ. ಮುದಿಬೆರಳು ಕೊಂಡಿಯಿಂದ ಕೊಂಡಿಗೆ ಸರಿಯಿತು, ಸುತ್ತಿನ ಮೇಲೆ ಬಂದು ನಿಂತಿತು.

"ಫ್ಯೂಸು ಎರಡು ಸಲ ಹಾರಿತ್ತು ಕಣೋ," ಎಂದರು ಮೇಷ್ಟ್ರು. "ನೆಂಟರೆಲ್ಲ ಕಾಯ್ತಿದ್ರು. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿಬಿಟ್ಟೆ. ಹಳೇ ವಾಲ್ವ್ ಒಳಗೇ ಶಾರ್ಟ್ ಆಗಿತ್ತು."

"ಮತ್ತೆ ನನ್ನ ಹೆಸರು ಯಾಕೆ ಹೇಳಿದ್ರಿ ಮೇಷ್ಟ್ರೇ?"

ಮೇಷ್ಟ್ರು ಪಟ್ಟಿಯನ್ನು ಬಿಡದೆ ಹಿಡಿದುಕೊಂಡು, ದನಿ ತಗ್ಗಿಸಿ ಬೇರೆಯೇ ಕೇಳಿದರು.

"ಯಾರಿಗಾದ್ರೂ ಹೇಳಿದ್ಯಾ?"

ಕ್ಷಮಿಸು ಎಂದಿದ್ದರೆ ಇವನು ಅಲ್ಲೇ ಕರಗಿ ನೀರಾಗುತ್ತಿದ್ದ, ಅಂಥ ಮನುಷ್ಯ ಅವನು. ಆದರೆ ಮುದುಕರಿಗೆ ಈಗಲೂ ತಮ್ಮ ಹೆಸರಿನದೇ ಚಿಂತೆ. ಇವನು ಅವರ ಬೆರಳು ಬಿಡಿಸಿ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡ. ಜೇಬಿನಲ್ಲಿದ್ದ ಕಿವಿ ಮಿಷನ್ನಿನ ಸೆಲ್ಲುಗಳನ್ನು ಕಿಟಕಿಯ ಮೇಲಿಟ್ಟು, ಇನ್ನು ಮುಂದೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೊರಟ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಇವನು ಪಟ್ಟಿಯನ್ನು ಅವಳೆದುರು ಇಟ್ಟು, ಪ್ಲಸ್ಸು ಮೈನಸ್ಸು ಬೆರಳಿಟ್ಟು ತೋರಿಸಿ, ಅಂದು ಉಲ್ಟಾ ಹಾಕಿದ್ದು ನಾನಲ್ಲ ಎಂದ. ಅವಳು ಪಟ್ಟಿಯತ್ತ ನೋಡಲೂ ಇಲ್ಲ.

"ನಾನು ಯಾವತ್ತು ನಂಬಿದ್ದೆ ರೀ? ಮೊದಲನೇ ದಿನದಿಂದ ನಂಬಿದೋರು ನೀವೊಬ್ರೇ."

ಅವನು ಅಲ್ಲೇ, ಮಡಿಸಿಟ್ಟ ಬಟ್ಟೆಗಳ ಪಕ್ಕ ಕೂತ. ಮೇಷ್ಟ್ರು ಹೇಳಿದ್ದು ಒಂದು ಸಲ. ಇಪ್ಪತ್ತೆಂಟು ವರ್ಷ, ದಿನಕ್ಕೆ ಮೂರು ಮೂರು ಸಲ, ಅದನ್ನು ತನಗೆ ತಾನೇ ಹೇಳಿಕೊಂಡವನು ಅವನು.